ಹಾರ್ನಡಿ 6.5 ಕ್ರೀಡ್‌ಮೂರ್, 143 ಗ್ರೇನ್: ಪಟ್ಟಿಯ ದೂರ ಬೇರೆ, ಹೊಡೆಯಬಹುದಾದ ದೂರ ಬೇರೆ

ಮೊದಲೇ ಹೇಳಿಬಿಡುತ್ತೇನೆ, ತೋಟಾ ಚೆನ್ನಾಗಿದೆ. ಮ್ಯೂಲ್ ಡೀರ್, ಪ್ರಾಂಗ್‌ಹಾರ್ನ್ ಥರದ ಜಿಂಕೆ ಬೇಟೆಗೆ ಯೋಚನೆ ಮಾಡದೆ ತಗೊಳ್ಳಬಹುದು. ಎಲ್ಕ್‌ಗಾದರೆ (ಇಲ್ಲಿಯ ದೊಡ್ಡ ಜಿಂಕೆ ಜಾತಿ) ಒಂದೆರಡು ಷರತ್ತು ಇವೆ, ಮುಂದೆ ಹೇಳುತ್ತೇನೆ. ಆದರೆ "ಇದರಲ್ಲಿ 600 ಗಜದಲ್ಲಿರೋ ಎಲ್ಕ್ ಕೂಡ ಬೀಳುತ್ತೆ" ಅಂತ ಯಾರಾದರೂ ಹೇಳಿದರೆ ತಲೆ ಆಡಿಸಿ ಸುಮ್ನೆ ಮುಂದೆ ಹೋಗಿ. ಬೀಳಬಹುದು, ಬೀಳದೆಯೂ ಇರಬಹುದು. ಬೀಳದೆ ಓಡಿದ ಪ್ರಾಣಿ ಎಲ್ಲೋ ಪೊದೆಯೊಳಗೆ ಎರಡು ದಿನ ನರಳುತ್ತದೆ, ಆ ಲೆಕ್ಕ ಯಾವ ಪೆಟ್ಟಿಗೆ ಮೇಲೂ ಇರುವುದಿಲ್ಲ.

ನಾನಿರುವುದು ಅಮೆರಿಕದ ಕೊಲೊರಾಡೋದಲ್ಲಿ, ಮೂಲ ಕೊಡಗಿನ ಕಡೆ. ಊರಲ್ಲಿ ಮನೆಮನೆಗೂ ಕೋವಿ ಇದೆ, ಕೈಲ್‌ಪೊಳ್ದ್ ಹಬ್ಬದ ದಿನ ಅದಕ್ಕೆ ಪೂಜೆ ಆಗುತ್ತದೆ, ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಆದರೆ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ಅಪರಾಧ, ಅಷ್ಟೇ. ಹಾಗಾಗಿ ಇಲ್ಲಿ ಬರೆದಿರುವುದೆಲ್ಲ ಇಲ್ಲಿಯ ಬೇಟೆಗೆ, ಲೈಸೆನ್ಸ್ ತಗೊಂಡು, ಸೀಸನ್ ನೋಡಿಕೊಂಡು ಮಾಡುವ ಬೇಟೆಗೆ ಮಾತ್ರ. ಊರಿನ ಯಾರೂ ಇದನ್ನ ಓದಿ ತೋಟದ ಹಿಂದಿನ ಕಾಡಿಗೆ ಹೊರಡಬೇಡಿ ಮಾರಾಯ್ರೆ.

ಈಗ ತೋಟಾ ವಿಷಯ. (ತೋಟಾ ಅಂದರೆ ಮದ್ದು, ಗುಂಡು ಎಲ್ಲ ಸೇರಿದ ಇಡೀ ಕಾರ್ಟ್ರಿಡ್ಜ್. ಗುಂಡು ಅಂದರೆ ಅದರಿಂದ ಹಾರಿಹೋಗುವ ಭಾಗ ಮಾತ್ರ.) ಇದು ಹಾರ್ನಡಿ ಕಂಪನಿಯ ಪ್ರಿಸಿಷನ್ ಹಂಟರ್ ಅನ್ನುವ ಸಾಲಿನದು. ಕಂಪನಿ ನೆಬ್ರಾಸ್ಕಾದ ಗ್ರ್ಯಾಂಡ್ ಐಲೆಂಡ್‌ನದು, 1949ರಿಂದ ಇದೆ. 6.5 ಕ್ರೀಡ್‌ಮೂರ್ ತೋಟಾವನ್ನು (6.5 ಅಂದರೆ ಗುಂಡಿನ ದಪ್ಪ, ಸುಮಾರಾಗಿ ಮಿಲಿಮೀಟರ್ ಲೆಕ್ಕದಲ್ಲಿ) 2007ರಲ್ಲಿ ಮಾರುಕಟ್ಟೆಗೆ ತಂದದ್ದೂ ಇವರೇ. ಮೊದಲು ಅದು ಗುರಿ ಸ್ಪರ್ಧೆಯವರ ತೋಟಾ, ಬೇಟೆಯವರು ಆಮೇಲೆ ಹಿಡಿದುಕೊಂಡರು. ಪೆಟ್ಟಿಗೆಯಲ್ಲಿ 20 ಇರುತ್ತವೆ. ಒಂದೊಂದಕ್ಕೆ 2 ಡಾಲರ್‌ಗೂ ಜಾಸ್ತಿ ಬೀಳುತ್ತದೆ, ಸೀಸನ್ ಹತ್ತಿರ ಬಂದಾಗ ಇನ್ನೂ ಏರುತ್ತದೆ. ಗುಂಡಿನ ತೂಕ 143 ಗ್ರೇನ್, ಅಂದರೆ ನಮ್ಮ ಲೆಕ್ಕದಲ್ಲಿ 9 ಗ್ರಾಂಗೆ ಸ್ವಲ್ಪ ಮೇಲೆ. ಉದ್ದ, ತೆಳ್ಳಗೆ, ಹಿಂಭಾಗ ದೋಣಿ ಥರ ಸ್ವಲ್ಪ ಒಳಕ್ಕೆ ಸರಿದಿದೆ, ಮೂತಿಯಲ್ಲಿ ಕೆಂಪು ಪ್ಲಾಸ್ಟಿಕ್ಕಿನ ತುದಿ. ಈ ಗುಂಡಿನ ಹೆಸರು ಇಎಲ್‌ಡಿ-ಎಕ್ಸ್.

ಆ ಕೆಂಪು ತುದಿ ಬರೀ ಅಲಂಕಾರಕ್ಕಲ್ಲ. ಇವರು ಡಾಪ್ಲರ್ ರಾಡಾರ್ ಇಟ್ಟು ಗುಂಡು ಹಾರುವುದನ್ನು ಅಳೆಯುತ್ತಿದ್ದಾಗ, ಹಳೆಯ ಪ್ಲಾಸ್ಟಿಕ್ ತುದಿಗಳು ಗಾಳಿಯ ಉಜ್ಜಾಟದ ಬಿಸಿಗೆ ದಾರಿಯಲ್ಲೇ ಮೆತ್ತಗಾಗಿ ಆಕಾರ ಕಳೆದುಕೊಳ್ಳುತ್ತಿವೆ ಅಂತ ಗೊತ್ತಾಯಿತು. ಆಕಾರ ಕೆಟ್ಟರೆ ಗಾಳಿಯ ತಡೆ ಜಾಸ್ತಿ, ದೂರದಲ್ಲಿ ಲೆಕ್ಕ ತಪ್ಪುತ್ತದೆ. ಅದಕ್ಕೆ ಬಿಸಿ ತಡೆಯುವ ಬೇರೆ ಪ್ಲಾಸ್ಟಿಕ್ ಹಾಕಿ 2015ರ ಕೊನೆಗೆ ಈ ಗುಂಡನ್ನು ಪರಿಚಯಿಸಿದರು. ಕೈಯಲ್ಲಿ ಹಿಡಿದು ಉಗುರಿನಿಂದ ಒತ್ತಿದರೆ ಗಟ್ಟಿಯಾಗಿ ತಾಗುತ್ತದೆ. ಮ್ಯಾಗಜಿನ್ (ರೈಫಲ್ಲಿಗೆ ತೋಟಾ ತುಂಬುವ ಡಬ್ಬಿ) ಒಳಗೆ ಮುಂದಕ್ಕೆ ಹಿಂದಕ್ಕೆ ಬಡಿಸಿಕೊಂಡರೂ ಮೂತಿ ಚಪ್ಪಟೆ ಆಗುವುದಿಲ್ಲ. ಹಳೆಯ ಸೀಸದ ಮೂತಿಯ ಗುಂಡುಗಳಲ್ಲಿ ಇದೇ ರಗಳೆ ಇತ್ತು.

ಕಂಪನಿ ಕೊಡುವ ಪಟ್ಟಿ ನೋಡೋಣ. ನಳಿಗೆ ಬಾಯಲ್ಲಿ ವೇಗ ಸೆಕೆಂಡಿಗೆ 2,700 ಅಡಿ, ಶಕ್ತಿ 2,315 ಫುಟ್-ಪೌಂಡ್ (ಗುಂಡಿನ ಶಕ್ತಿ ಅಳೆಯುವ ಮಾನ). ಇದೇ ಶಕ್ತಿ 100 ಗಜದಲ್ಲಿ 2,076. 200ರಲ್ಲಿ 1,858. 300ರಲ್ಲಿ 1,658. 400ರಲ್ಲಿ 1,475. 500ಕ್ಕೆ ಬರುವಾಗ 1,300ರ ಸುಮಾರು. ಈ ಶಕ್ತಿ ಎಲ್ಲಿಂದ ಬಂತು ಅಂತ ಕೇಳುವವರಿಗೆ: ವೇಗವನ್ನು ವೇಗದಿಂದಲೇ ಗುಣಿಸಿ, ಅದನ್ನು ಗುಂಡಿನ ಗ್ರೇನ್ ತೂಕದಿಂದ ಗುಣಿಸಿ, 450240ರಿಂದ ಭಾಗಿಸಿ. ಫೋನಿನ ಕ್ಯಾಲ್ಕ್ಯುಲೇಟರ್‌ನಲ್ಲಿ ಮಾಡಿ ನೋಡಿ, 2,315 ಬರುತ್ತದೆ. ಗಮನಿಸಬೇಕಾದ್ದು ಏನಂದರೆ ತೂಕ ಒಂದೇ ಸಲ ಗುಣಾಕಾರಕ್ಕೆ ಬರುತ್ತದೆ, ವೇಗ ಎರಡು ಸಲ. ಹಾಗಾಗಿ ದಾರಿಯಲ್ಲಿ ವೇಗ ಎಷ್ಟು ಉಳಿಸಿಕೊಳ್ಳುತ್ತದೆ ಅನ್ನುವುದೇ ದೊಡ್ಡ ಪ್ರಶ್ನೆ.

ಇಲ್ಲೇ ಈ ತೋಟಾ ಗೆಲ್ಲುವುದು. ಪಕ್ಕದಲ್ಲಿ .308 ವಿಂಚೆಸ್ಟರ್ ಇಡಿ, 1952ರಿಂದ ಇರುವ, ಎಲ್ಲ ಅಂಗಡಿಯಲ್ಲೂ ಸಿಗುವ ಒಳ್ಳೆಯ ತೋಟಾ. ಸಾಧಾರಣ 150 ಗ್ರೇನ್ ಗುಂಡಿನ .308 ನಳಿಗೆ ಬಿಡುವಾಗ 2,648 ಫುಟ್-ಪೌಂಡ್ ಇರುತ್ತದೆ, ನಮ್ಮದಕ್ಕಿಂತ 300ಕ್ಕೂ ಮೇಲೆ ಜಾಸ್ತಿ. ಅಂಗಡಿಯಲ್ಲಿ ಆ ಒಂದು ಅಂಕಿ ನೋಡಿದವರು ಅದನ್ನೇ ತಗೊಂಡು ಹೋಗುತ್ತಾರೆ. ಆದರೆ ಅದು ಗಿಡ್ಡ, ದಪ್ಪ ಗುಂಡು, ಗಾಳಿ ಅದನ್ನು ಬೇಗ ತಡೆಯುತ್ತದೆ. 150 ಗಜ ದಾಟುವಷ್ಟರಲ್ಲಿ ಇಬ್ಬರೂ ಸಮ ಆಗಿ, 300 ಗಜಕ್ಕೆ ಹೋಗುವಾಗ .308ರದು 1,350ರ ಆಸುಪಾಸು, ಇದರದು 1,658. ಹೊರಡುವಾಗ ಹಿಂದಿದ್ದವನು ತಲುಪುವಾಗ ಮುಂದೆ. (.308ರಲ್ಲೂ ಉದ್ದನೆಯ ಒಳ್ಳೆಯ ಗುಂಡುಗಳಿವೆ, ಅವುಗಳ ಲೆಕ್ಕ ಬೇರೆ. ತೋಟಾಕ್ಕಿಂತ ಗುಂಡು ಮುಖ್ಯ ಅನ್ನುವುದಕ್ಕೇ ಈ ಹೋಲಿಕೆ.) ಇನ್ನು 1895ರ .30-30, ಲಿವರ್ ಎಳೆಯುವ ರೈಫಲ್ಲುಗಳ ತೋಟಾ, 1,902ರಿಂದ ಹೊರಟು 200 ಗಜದಲ್ಲಿ ಅರ್ಧಕ್ಕೆ ಇಳಿದಿರುತ್ತದೆ. ಹಾಗಂತ ಅದು ಕೆಟ್ಟದ್ದಲ್ಲ. ದಟ್ಟ ಪೈನ್ ಕಾಡಿನೊಳಗೆ 80 ಗಜದಲ್ಲಿ ಜಿಂಕೆ ಎದ್ದು ನಿಂತಾಗ ಅದಕ್ಕಿಂತ ಚುರುಕಾದ ಕೋವಿ ಬೇಕಾಗಿಲ್ಲ. ಲಕ್ಷಾಂತರ ಜಿಂಕೆಗಳು ಅದರಲ್ಲೇ ಬಿದ್ದಿವೆ.

ಸರಿ, ಎಷ್ಟು ಶಕ್ತಿ ಸಾಕು? ಇಲ್ಲಿಯ ಬೇಟೆಗಾರರ ಬಾಯಲ್ಲಿ ಓಡಾಡುವ ಲೆಕ್ಕ ಜಿಂಕೆಗೆ 1,000 ಫುಟ್-ಪೌಂಡ್, ಎಲ್ಕ್‌ಗೆ 1,500. ಗುಂಡು ನಳಿಗೆ ಬಿಡುವಾಗ ಅಲ್ಲ, ಪ್ರಾಣಿಗೆ ತಾಗುವಾಗ. ಕೊಲೊರಾಡೋದ ನಿಯಮದಲ್ಲೂ 1,000 ಇದೆ: ಗುಂಡು .24 ಇಂಚಿಗಿಂತ ಸಣ್ಣ ಇರಬಾರದು, ಒಳಗೆ ಹೋಗಿ ಅರಳುವಂಥದ್ದೇ ಆಗಿರಬೇಕು, ಜಿಂಕೆಗೆ ಕನಿಷ್ಠ 70 ಗ್ರೇನ್, ಎಲ್ಕ್ ಮತ್ತು ಮೂಸ್‌ಗೆ 85 ಗ್ರೇನ್, 100 ಗಜದಲ್ಲಿ ಕಂಪನಿ ಹೇಳುವ ಶಕ್ತಿ 1,000 ಫುಟ್-ಪೌಂಡ್‌ಗೆ ಕಮ್ಮಿ ಇರಬಾರದು. ಜರ್ಮನಿಯಲ್ಲಿರುವ ನಮ್ಮವರಿಗೆ ಲೆಕ್ಕ ಜೂಲ್‌ನಲ್ಲಿ ಬರುತ್ತದೆ. ಅಲ್ಲಿ ಸಣ್ಣ ರೋ ಜಿಂಕೆಗೆ 100 ಮೀಟರಿನಲ್ಲಿ 1,000 ಜೂಲ್, ಅದಕ್ಕಿಂತ ದೊಡ್ಡ ಜಿಂಕೆ, ಕಾಡುಹಂದಿಗೆ 6.5 ಮಿಲಿಮೀಟರ್ ಗುಂಡು ಮತ್ತು 2,000 ಜೂಲ್. ಒಂದು ಫುಟ್-ಪೌಂಡ್ ಅಂದರೆ 1.356 ಜೂಲ್. ಸ್ಕಾಟ್ಲೆಂಡ್‌ನಲ್ಲಿ ಕೆಂಪು ಜಿಂಕೆಗೆ ನಳಿಗೆ ಬಾಯಲ್ಲೇ 1,750 ಫುಟ್-ಪೌಂಡ್ ಕೇಳುತ್ತಾರೆ. ಒಂದೊಂದು ದೇಶ ಒಂದೊಂದು ಕಡೆ ಅಳೆಯುತ್ತದೆ. ಈ ಎಲ್ಲ ಪರೀಕ್ಷೆಯಲ್ಲೂ ನಮ್ಮ 143 ಗ್ರೇನ್ ಆರಾಮಾಗಿ ಪಾಸ್.

ಆದರೆ ಈ ಅಂಕಿಗಳನ್ನು ದೇವರು ಮಾಡಬೇಡಿ. ಯಾಕೆ ಅಂದರೆ ಬಿಲ್ಲು-ಬಾಣದವರನ್ನು ನೋಡಿ. ಈಗಿನ ಕಾಂಪೌಂಡ್ ಬಿಲ್ಲಿನಿಂದ 450 ಗ್ರೇನ್ ಬಾಣ ಸೆಕೆಂಡಿಗೆ 270 ಅಡಿ ವೇಗದಲ್ಲಿ ಹೋದರೆ ಅದರ ಶಕ್ತಿ 73 ಫುಟ್-ಪೌಂಡ್ ಮಾತ್ರ. ಸಾವಿರ ಎಲ್ಲಿ, ಎಪ್ಪತ್ತಮೂರು ಎಲ್ಲಿ! ಆದರೂ ಪ್ರತಿ ಸೆಪ್ಟೆಂಬರ್ ಇದೇ ಬೆಟ್ಟಗಳಲ್ಲಿ ಬಾಣಕ್ಕೆ ಎಲ್ಕ್ ಬೀಳುತ್ತವೆ, ಹರಿತವಾದ ಅಲಗು ಎರಡೂ ಶ್ವಾಸಕೋಶ ಕೊಯ್ದುಕೊಂಡು ಆಚೆ ಹೋಗಿರುತ್ತದೆ. ಪ್ರಾಣಿ ಸಾಯುವುದು ರಕ್ತ ಹೋಗಿ, ಉಸಿರು ನಿಂತು. ಶಕ್ತಿ ಅನ್ನುವುದು ಗುಂಡಿಗೆ ಅರಳಲು, ಒಳಗೆ ನುಗ್ಗಲು, ಮೂಳೆ ಸಿಕ್ಕರೆ ಮುರಿಯಲು ಬೇಕಾದ ಬಂಡವಾಳ. ಆ ಬಂಡವಾಳವನ್ನು ಗುಂಡು ಹೇಗೆ ಖರ್ಚು ಮಾಡುತ್ತದೆ ಅನ್ನುವುದು ಬೇರೆ ವಿಷಯ. 1946ರಲ್ಲಿ ಜಾನ್ ನೋಸ್ಲರ್ ಅನ್ನುವವರು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ ಬೇಟೆಗೆ ಹೋಗಿದ್ದರು, ಕೈಯಲ್ಲಿ .300 ಎಚ್ ಆಂಡ್ ಎಚ್ ಮ್ಯಾಗ್ನಮ್, ಶಕ್ತಿಗೆ ಏನೂ ಕಮ್ಮಿ ಇಲ್ಲ. ಮೈಯೆಲ್ಲ ಕೆಸರು ಮೆತ್ತಿಕೊಂಡಿದ್ದ ಮೂಸ್, ಗುಂಡುಗಳು ಮೇಲ್ಗಡೆಯೇ ಒಡೆದು ಹೋದವು, ಒಳಕ್ಕೆ ಇಳಿಯಲೇ ಇಲ್ಲ. ಆ ಸಿಟ್ಟಿಗೆ ಮನೆಗೆ ಬಂದು ಗುಂಡಿನ ನಡುವೆ ತಾಮ್ರದ ಅಡ್ಡಗೋಡೆ ಇರುವ ಪಾರ್ಟಿಷನ್ ಗುಂಡು ಮಾಡಿದರು, 1948ರಲ್ಲಿ ಕಂಪನಿಯನ್ನೇ ಶುರು ಮಾಡಿದರು. ಅದು ಇವತ್ತಿಗೂ ಮಾರಾಟ ಆಗುತ್ತಿದೆ.

ಹಾಗಾಗಿ ಎರಡನೆಯ ಅಂಕಿ ನೋಡಬೇಕು, ತಾಗುವಾಗಿನ ವೇಗ. ಸಾಧಾರಣ ಸೀಸ-ತಾಮ್ರದ ಗುಂಡು ಸರಿಯಾಗಿ ಅರಳಲು ಸೆಕೆಂಡಿಗೆ 1,800 ಅಡಿ ಹತ್ತಿರ ವೇಗ ಬೇಕು. ಅದಕ್ಕಿಂತ ಕಮ್ಮಿಯಾದರೆ ಪೆನ್ಸಿಲ್ ಚುಚ್ಚಿದ ಹಾಗೆ ಸಣ್ಣ ತೂತು ಮಾಡಿ ಹೋಗುತ್ತದೆ, ರಕ್ತವೇ ಬೀಳುವುದಿಲ್ಲ. ಇಎಲ್‌ಡಿ-ಎಕ್ಸ್ ಇನ್ನೂ ಕಮ್ಮಿ ವೇಗಕ್ಕೂ ಅರಳಲಿ ಅಂತಲೇ ಮೆದುವಾಗಿ ಮಾಡಿದ ಗುಂಡು. 500 ಗಜದಲ್ಲೂ ಇದರ ವೇಗ 2,000ಕ್ಕೆ ಮೇಲೇ ಇರುತ್ತದೆ. ಕಂಪನಿಯೇ ಹೇಳುವ ಪ್ರಕಾರ 400 ಗಜದ ಒಳಗೆ ತಾಗಿದರೆ ಗುಂಡಿನ ತೂಕದಲ್ಲಿ 50-60 ಪರ್ಸೆಂಟ್ ಉಳಿಯುತ್ತದೆ, ಅದಕ್ಕಿಂತ ದೂರದಲ್ಲಿ ನಿಧಾನಕ್ಕೆ ಅರಳಿ 85-90 ಪರ್ಸೆಂಟ್. ಇದನ್ನ ಎರಡು ಸಲ ಓದಿ. ಹತ್ತಿರದಲ್ಲಿ ಅರ್ಧ ಗುಂಡು ಚೂರುಚೂರಾಗಿ ಮಾಂಸದೊಳಗೆ ಹರಡುತ್ತದೆ ಅಂತ ಅರ್ಥ. ಪಕ್ಕೆಲುಬಿನ ನಡುವೆ ನುಗ್ಗಿದರೆ ಶ್ವಾಸಕೋಶ ಪೂರ್ತಿ ಹೋಗುತ್ತದೆ, ಜಿಂಕೆ ನಾಲ್ಕು ಹೆಜ್ಜೆ ಹಾಕಿ ಮಗುಚುತ್ತದೆ. ಅದೇ 60 ಗಜದಲ್ಲಿ ಎಲ್ಕ್‌ನ ಮುಂಗಾಲಿನ ದಪ್ಪ ಮೂಳೆಗೆ ತಾಗಿದರೆ? ಅರ್ಧ ತೂಕದ ಗುಂಡು ಆಚೆ ಕಡೆಯ ಶ್ವಾಸಕೋಶದವರೆಗೆ ಹೋಗುತ್ತದೆ ಅನ್ನುವ ಭರವಸೆ ನನಗಿಲ್ಲ. ಒಂದು ದೊಡ್ಡ ಗಂಡು ಎಲ್ಕ್ 300 ಕಿಲೋ ಮುಟ್ಟುತ್ತದೆ. ಅದಕ್ಕೇ ಎಲ್ಕ್‌ಗೆ ನನ್ನ ಷರತ್ತು: ಪೂರ್ತಿ ಅಡ್ಡಕ್ಕೆ ನಿಂತಿರಬೇಕು, ಮುಂಗಾಲಿನ ಹಿಂದೆ ಜಾಗ ಕಾಣಬೇಕು. ಎದೆ ನಮ್ಮ ಕಡೆ ತಿರುಗಿಸಿ ಓರೆಯಾಗಿ ನಿಂತಿದ್ದರೆ ಈ ಗುಂಡಲ್ಲಿ ಕುದುರೆ (ಟ್ರಿಗರ್) ಎಳೆಯುವುದಿಲ್ಲ. ಆ ಥರದ ಈಡು ಹೊಡೆಯಲೇಬೇಕು ಅನ್ನುವವರು ಪಾರ್ಟಿಷನ್ನೋ, ಪೂರ್ತಿ ತಾಮ್ರದ ಗುಂಡೋ ತಗೊಳ್ಳಿ. ಆದರೆ ತಾಮ್ರದ್ದಕ್ಕೆ ಅರಳಲು ವೇಗ ಜಾಸ್ತಿ ಬೇಕು, ಅಂದರೆ ದೂರ ಕಮ್ಮಿ ಆಗುತ್ತದೆ. ಎಲ್ಲದಕ್ಕೂ ಒಂದು ಕೊಡು-ತಗೊಳ್ಳುವ ಲೆಕ್ಕ ಇದ್ದೇ ಇದೆ.

ಇನ್ನೊಂದು ವಿಷಯ, ಪಟ್ಟಿಯ 2,700 ಅಡಿ ವೇಗ 24 ಇಂಚು ನಳಿಗೆಯದು. ಈಗ ಅಂಗಡಿಯಲ್ಲಿ ಸಿಗುವ ಹಗುರ ಬೇಟೆ ರೈಫಲ್ಲುಗಳಿಗೆ 22 ಅಥವಾ 20 ಇಂಚು ಇರುತ್ತದೆ, ಸೈಲೆನ್ಸರ್ ಹಾಕುವವರು ಇನ್ನೂ ಗಿಡ್ಡ ಮಾಡಿಸುತ್ತಾರೆ. ಒಂದೊಂದು ಇಂಚಿಗೆ 20-25 ಅಡಿ ವೇಗ ಕಳೆಯಿರಿ. ನನ್ನ ರೈಫಲ್ಲಿನದು 20 ಇಂಚು, ಕ್ರೋನೋಗ್ರಾಫ್ (ಗುಂಡಿನ ವೇಗ ಅಳೆಯುವ ಯಂತ್ರ) ಇಟ್ಟು ನೋಡಿದಾಗ 2,610ರ ಆಚೀಚೆ ಬರುತ್ತದೆ, ಅಂದರೆ ಹೊರಡುವಾಗಲೇ 2,315 ಅಲ್ಲ, 2,160. ಪಟ್ಟಿಯ ಪ್ರಕಾರ ಎಲ್ಕ್‌ನ 1,500 ಗೆರೆ 400 ಗಜದ ಹತ್ತಿರ ಹೋಗಿ ಮುಗಿಯುತ್ತದೆ, ನನ್ನ ನಳಿಗೆಯಲ್ಲಿ 320-330ಕ್ಕೇ ಮುಗಿಯಿತು. ಬೆಟ್ಟದ ಮೇಲೆ 9,000 ಅಡಿ ಎತ್ತರದಲ್ಲಿ ಗಾಳಿ ತೆಳು, ತಡೆ ಕಮ್ಮಿ, ಅದರಿಂದ ಒಂದಿಷ್ಟು ವಾಪಸ್ ಸಿಗುತ್ತದೆ. ಆದರೆ ಅದನ್ನು ಬೋನಸ್ ಅಂದುಕೊಳ್ಳಿ, ಸಂಬಳ ಅಂದುಕೊಳ್ಳಬೇಡಿ. ಕ್ರೋನೋಗ್ರಾಫ್ ಇಲ್ಲದವರು ರೇಂಜಿನಲ್ಲಿ ಯಾರನ್ನಾದರೂ ಕೇಳಿ, ಇಲ್ಲಿಯ ಜನ ಈ ವಿಷಯದಲ್ಲಿ ಧಾರಾಳ.

ಇಷ್ಟೆಲ್ಲ ಆದ ಮೇಲೂ ನಿಜವಾದ ಮಿತಿ ಬಂದಿಲ್ಲ. ನಿಜವಾದ ಮಿತಿ ಕೈ.

ಜಿಂಕೆಯ ಹೃದಯ-ಶ್ವಾಸಕೋಶದ ಜಾಗ ಸುಮಾರು 8 ಇಂಚು ಅಗಲದ ವೃತ್ತ. ಎಲ್ಕ್‌ನದು ಇನ್ನೂ ದೊಡ್ಡದು. ಬೆಂಚಿನ ಮೇಲೆ ಮರಳು ಚೀಲ ಇಟ್ಟು ಈ ತೋಟಾ ಹೊಡೆದರೆ 100 ಗಜದಲ್ಲಿ ಒಂದು ಇಂಚಿನೊಳಗೆ ಮೂರು ತೂತು ಬೀಳುತ್ತವೆ, ಒಳ್ಳೆಯ ರೈಫಲ್ಲಾದರೆ ಅದಕ್ಕಿಂತಲೂ ಒಳಗೆ. ಗುರಿಯ ವಿಷಯದಲ್ಲಿ ಇದಕ್ಕೆ ಪೂರ್ತಿ ಮಾರ್ಕ್ಸ್. ಆದರೆ ಬೆಟ್ಟದಲ್ಲಿ ಬೆಂಚು ಎಲ್ಲಿದೆ? ಏದುಸಿರು ಬಿಡುತ್ತಾ ಹತ್ತಿ ಬಂದು, ಮೊಣಕಾಲು ಊರಿ, ಎರಡು ಕೋಲು ಕಟ್ಟಿದ ಆಸರೆ ಮೇಲೆ ನಳಿಗೆ ಇಟ್ಟಾಗ ಸ್ಕೋಪಿನ ಗೆರೆ ಪ್ರಾಣಿಯ ಮೈಮೇಲೆಲ್ಲ ಓಡಾಡುತ್ತದೆ. ನೀವೇ ಪರೀಕ್ಷೆ ಮಾಡಿ: 8 ಇಂಚಿನ ಪೇಪರ್ ಪ್ಲೇಟುಗಳನ್ನು 100, 200, 300 ಗಜಕ್ಕೆ ಅಂಟಿಸಿ. ಬೆಂಚ್ ಬೇಡ. 50 ಹೆಜ್ಜೆ ಓಡಿ ಬಂದು, ಕೂತು ಒಂದು, ಮೊಣಕಾಲ ಮೇಲೆ ಒಂದು, ಬ್ಯಾಗಿನ ಮೇಲೆ ಮಲಗಿ ಒಂದು ಈಡು. ಮೊದಲ ಗುಂಡೇ ಲೆಕ್ಕ, ತಣ್ಣಗಿರುವ ನಳಿಗೆಯಿಂದ. ಯಾವ ದೂರದಲ್ಲಿ ಪ್ಲೇಟಿನಿಂದ ಒಂದು ಗುಂಡು ಆಚೆ ಹೋಯಿತೋ ಅದರ ಹಿಂದಿನ ದೂರ ನಿಮ್ಮದು. ಪಟ್ಟಿಯಲ್ಲಿ 1,500 ಇರಲಿ, 15,000 ಇರಲಿ.

ಗಾಳಿಯನ್ನು ಇದಕ್ಕೆ ಸೇರಿಸಿ. ಅಡ್ಡಗಾಳಿ ಗಂಟೆಗೆ 10 ಮೈಲು, ಅಂದರೆ ಕೆನ್ನೆಗೆ ಚೆನ್ನಾಗಿ ತಾಗುವಷ್ಟು, ಈ ಗುಂಡನ್ನು 300 ಗಜದಲ್ಲಿ 5 ಇಂಚು ಪಕ್ಕಕ್ಕೆ ತಳ್ಳುತ್ತದೆ. 500ರಲ್ಲಿ 14-15 ಇಂಚು. ಶ್ವಾಸಕೋಶಕ್ಕೆ ಇಟ್ಟ ಗುರಿ ಹೊಟ್ಟೆಗೆ ಬಿತ್ತು ಅಂತಾಯಿತು, ಅಲ್ವಾ? ನೀವು ನಿಂತಲ್ಲಿ ಗಾಳಿ ಇಲ್ಲ, ನಡುವೆ ಕಣಿವೆಯಲ್ಲಿ ಒಂದು ಕಡೆಗೆ, ಆಚೆ ದಿಬ್ಬದಲ್ಲಿ ಇನ್ನೊಂದು ಕಡೆಗೆ. ಒಣಹುಲ್ಲು ಅಲ್ಲಾಡುವುದನ್ನು ನೋಡಿ ಅಂದಾಜು ಮಾಡುವುದು ವರ್ಷಗಟ್ಟಲೆ ಅಭ್ಯಾಸ ಕೇಳುವ ಕೆಲಸ. ಗುಂಡಿನ ಇಳಿತ ಹಾಗಲ್ಲ, ಅದು ಲೆಕ್ಕಕ್ಕೆ ಸಿಗುತ್ತದೆ: 200 ಗಜಕ್ಕೆ ಸೊನ್ನೆ ಹಾಕಿದರೆ (ಅಂದರೆ ಆ ದೂರದಲ್ಲಿ ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಸ್ಕೋಪ್ ಹೊಂದಿಸಿದರೆ) 100ರಲ್ಲಿ ಸುಮಾರು 2 ಇಂಚು ಮೇಲೆ, 300ರಲ್ಲಿ 8 ಇಂಚು ಕೆಳಗೆ, 400ರಲ್ಲಿ 22-23. ರೇಂಜ್‌ಫೈಂಡರ್ ದೂರ ಹೇಳುತ್ತದೆ, ಸ್ಕೋಪ್ ತಿರುಗಿಸಿದರೆ ಆಯಿತು. ಗಾಳಿ ಯಾವ ಯಂತ್ರಕ್ಕೂ ಪೂರ್ತಿ ಸಿಗುವುದಿಲ್ಲ. ಜೊತೆಗೆ 500 ಗಜ ತಲುಪಲು ಗುಂಡಿಗೆ 0.6 ಸೆಕೆಂಡಿಗೂ ಜಾಸ್ತಿ ಬೇಕು. ಮೇಯುತ್ತಿರುವ ಪ್ರಾಣಿ ಒಂದು ಹೆಜ್ಜೆ ಮುಂದಿಡಲು ಅಷ್ಟು ಸಮಯ ಧಾರಾಳವಾಯಿತು. ನಿಮ್ಮ ಗುರಿ ಎಷ್ಟೇ ಚೆನ್ನಾಗಿರಲಿ, ಆ ಹೆಜ್ಜೆ ನಿಮ್ಮ ಕೈಯಲ್ಲಿಲ್ಲ.

ಇದೆಲ್ಲ ಕೂಡಿಸಿ ಈ ತೋಟಾದಲ್ಲಿ ನಾನು ಇಟ್ಟುಕೊಂಡ ಗೆರೆ: ಮ್ಯೂಲ್ ಡೀರ್‌ಗೆ 300 ಗಜ, ಎಲ್ಕ್‌ಗೆ 250, ಅದೂ ಗಾಳಿ ಕಮ್ಮಿ ಇದ್ದು ಆಸರೆ ಗಟ್ಟಿ ಇದ್ದರೆ. ಮಲಗಿ ಹೊಡೆಯಲು ಆಗದಿದ್ದರೆ ಎರಡರಲ್ಲೂ 100 ಕಡಿಮೆ. ತೋಟಾಕ್ಕೆ ಇದಕ್ಕಿಂತ ಜಾಸ್ತಿ ತಾಕತ್ತಿದೆ, ಗೊತ್ತು. ಶಕ್ತಿಯ ಗೆರೆ 325, ಅರಳುವ ವೇಗದ ಗೆರೆ 500ಕ್ಕೂ ಆಚೆ, ನನ್ನ ಕೈಯ ಗೆರೆ 300. ಮೂರರಲ್ಲಿ ಸಣ್ಣದು ಯಾವುದೋ ಅದೇ ಅಂತಿಮ, ಎಲ್ಕ್‌ಗೆ ಅದರಲ್ಲೂ 50 ಕಳೆದಿಟ್ಟುಕೊಂಡಿದ್ದೇನೆ. ನಿಮ್ಮ ಕೈ ನನಗಿಂತ ಚೆನ್ನಾಗಿದ್ದರೆ ನಿಮ್ಮ ಗೆರೆ ಮುಂದೆ ಹೋಗಲಿ, ತಕರಾರಿಲ್ಲ, ಪ್ಲೇಟ್ ತೋರಿಸಿ ಸಾಕು.

ಥಿಯೋಡರ್ ರೂಸ್‌ವೆಲ್ಟ್ 1887ರಲ್ಲಿ ಶುರು ಮಾಡಿದ ಬೂನ್ ಆಂಡ್ ಕ್ರಾಕೆಟ್ ಅನ್ನುವ ಬೇಟೆಗಾರರ ಕ್ಲಬ್ ಕೂಡ ಬಹಳ ದೂರದ ಈಡನ್ನು ಇಷ್ಟಪಡುವುದಿಲ್ಲ. ಪ್ರಾಣಿಗೆ ನಮ್ಮ ವಾಸನೆ, ಸದ್ದು, ಚಲನೆ ಗೊತ್ತಾಗಿ ತಪ್ಪಿಸಿಕೊಳ್ಳುವ ಅವಕಾಶ ಇರಬೇಕು ಅನ್ನುವುದು ಅವರ ವಾದ. ನನ್ನ ವಾದ ಅದಕ್ಕಿಂತ ಒರಟು. 450 ಗಜದಲ್ಲಿ ಎಲ್ಕ್ ಕಂಡರೆ 200 ಗಜ ಹತ್ತಿರ ಹೋಗಿ. ಹೋಗುವಾಗ ಅದು ಓಡಿಹೋದರೆ ಓಡಿಹೋಯಿತು. ಬೇಟೆ ಅಂದರೆ ಅದೇ ಅಲ್ವಾ?

ಇಲ್ಲಿ ಒಂದು ಅಂಗಡಿಯ ವಿಷಯ ಹೇಳಲೇಬೇಕು, ಹೆಸರು ಬೇಡ. ಕೌಂಟರಿನ ಹುಡುಗ ಎಲ್ಕ್ ಬೇಟೆಗೆ ಅಂತ ಕೇಳಿದ ನನಗೆ ತೆಗೆದುಕೊಟ್ಟದ್ದು 140 ಗ್ರೇನ್ ಮ್ಯಾಚ್ ತೋಟಾ. "ಎರಡೂ ಒಂದೇ, ಇದು ಇನ್ನೂ ಗುರಿಕಾರ" ಅಂದ. ಒಂದೇ ಅಲ್ಲ ಮಾರಾಯ! ಪೆಟ್ಟಿಗೆ ಪಕ್ಕಪಕ್ಕ ಇರುತ್ತವೆ, ಎರಡಕ್ಕೂ ಕೆಂಪು ತುದಿ, ಹೆಸರಲ್ಲೂ ಇಎಲ್‌ಡಿ ಅಂತಲೇ ಇರುತ್ತದೆ. ಮ್ಯಾಚ್ ಗುಂಡು ಕಾಗದಕ್ಕೆ ತೂತು ಮಾಡಲು ಇರುವುದು, ಮೈಯೊಳಗೆ ಹೇಗೆ ನಡೆದುಕೊಳ್ಳಬೇಕು ಅಂತ ಅದನ್ನು ಮಾಡಿಲ್ಲ. ಒಮ್ಮೆ ಪುಡಿಪುಡಿ ಆಗುತ್ತದೆ, ಒಮ್ಮೆ ಹಾಗೇ ಆಚೆ ಹೋಗುತ್ತದೆ. 143 ಮತ್ತು ಎಕ್ಸ್ ಅಕ್ಷರ, ಎರಡನ್ನೂ ಕಣ್ಣಾರೆ ನೋಡಿ ತಗೊಳ್ಳಿ. ಅದೇ ಹುಡುಗ ಪಕ್ಕದ ಗಿರಾಕಿಗೆ .300 ವಿಂಚೆಸ್ಟರ್ ಮ್ಯಾಗ್ನಮ್ ಮಾರುತ್ತಿದ್ದ, ಇನ್ನೂ ಒಂದು ತೋಟಾ ಹೊಡೆಯದ ಮನುಷ್ಯನಿಗೆ. ಅದರಲ್ಲಿ 178 ಗ್ರೇನ್ ಗುಂಡು 3,400 ಫುಟ್-ಪೌಂಡ್ ದಾಟುತ್ತದೆ, ಒಪ್ಪಿದೆ. ಆದರೆ ಭುಜಕ್ಕೆ ಬರುವ ಒದೆತ ಇದರ ಎರಡರಷ್ಟು. ಎರಡು ಪೆಟ್ಟಿಗೆ ಮುಗಿಯುವಷ್ಟರಲ್ಲಿ ಮನುಷ್ಯ ಕಣ್ಣು ಮುಚ್ಚಿ ಕುದುರೆ ಎಳೆಯಲು ಕಲಿತಿರುತ್ತಾನೆ. ಹೊಸಬರಿಗೆ 6.5 ಕೊಡಿ ಅಂತ ನಾನು ಹಟ ಮಾಡುವುದು ಇದಕ್ಕೇ. ಒದೆತ ಕಮ್ಮಿ ಇದ್ದರೆ ಅಭ್ಯಾಸ ಜಾಸ್ತಿ ಆಗುತ್ತದೆ, ಗುಂಡು ಬಿದ್ದ ಜಾಗ ಸ್ಕೋಪಿನಲ್ಲೇ ಕಾಣುತ್ತದೆ.

ಮಾಂಸದ ವಿಷಯ. ಹತ್ತಿರದ ಈಡಿಗೆ ಇಂಥ ಮೆದು ಗುಂಡು, ಯಾವ ಕಂಪನಿಯದಾದರೂ ಸರಿ, ಮಾಂಸ ಹಾಳು ಮಾಡುತ್ತದೆ. ಚರ್ಮ ಸುಲಿದು ಮುಂಗಾಲು ಎತ್ತಿದಾಗ ಪಕ್ಕೆಲುಬಿನ ಮೇಲೆ ನೇರಳೆ ಬಣ್ಣದ ಜೆಲ್ಲಿ ಥರ ರಕ್ತ ಹೆಪ್ಪುಗಟ್ಟಿ ಅಂಗೈಯಗಲ ಹರಡಿರುತ್ತದೆ, ಅದರೊಳಗೆ ಬೆರಳಾಡಿಸಿದರೆ ತಾಮ್ರದ ಸಿಪ್ಪೆ, ಸೀಸದ ಪುಡಿ ಸಿಗುತ್ತದೆ. ಅಷ್ಟನ್ನೂ, ಸುತ್ತ ಇನ್ನೊಂದು ಕೈಯಗಲವನ್ನೂ ಕತ್ತರಿಸಿ ಬಿಸಾಕಿ, ಲೋಭ ಬೇಡ. ಸೀಸದ ಸಣ್ಣ ಚೂರು ಕಣ್ಣಿಗೆ ಕಾಣುವುದಿಲ್ಲ, 2008ರಲ್ಲಿ ನಾರ್ತ್ ಡಕೋಟಾದಲ್ಲಿ ದಾನಕ್ಕೆ ಬಂದ ಜಿಂಕೆ ಕೈಮಾದಲ್ಲಿ ಸೀಸ ಸಿಕ್ಕಿ, ಹಂಚಬೇಡಿ ಅಂತ ಸರ್ಕಾರವೇ ಹೇಳಿತ್ತು. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ, ಬಸುರಿಯರಿದ್ದರೆ ತಾಮ್ರದ ಗುಂಡೇ ಒಳ್ಳೆಯದು. ಕ್ಯಾಲಿಫೋರ್ನಿಯಾದಲ್ಲಿರುವವರಿಗೆ ಆಯ್ಕೆಯೇ ಇಲ್ಲ, ಕಾಂಡೋರ್ ಹದ್ದುಗಳು ಸೀಸ ತಿಂದು ಸಾಯುತ್ತಿದ್ದವು ಅಂತ 2019ರ ಜುಲೈ 1ರಿಂದ ಅಲ್ಲಿ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷೇಧ. ಅಲ್ಲಿಗೆ ಈ ತೋಟಾ ಬೇಡವೇ ಬೇಡ. ಉಳಿದ ತೊಡೆ ಮಾಂಸಕ್ಕೆ ಕಾಚಂಪುಳಿ (ನಮ್ಮ ಕೊಡಗಿನ ಹುಳಿ ರಸ), ಕರಿಮೆಣಸು ಹಾಕಿ ಮಾಡಿದರೆ ಹಂದಿಗಿಂತ ಏನೂ ಕಮ್ಮಿ ಆಗುವುದಿಲ್ಲ. ಕೊಬ್ಬು ಇರುವುದಿಲ್ಲ, ಎಣ್ಣೆ ಸ್ವಲ್ಪ ಮುಂದಿಟ್ಟುಕೊಳ್ಳಿ.

ಹೊಸದಾಗಿ ಶುರು ಮಾಡುವ ನಮ್ಮವರಿಗೆ ಒಂದಿಷ್ಟು. ಎಚ್-1ಬಿ ಥರದ ವೀಸಾದಲ್ಲಿ ಇರುವವರು ಫೆಡರಲ್ ಕಾನೂನಿನ ಪ್ರಕಾರ ಕೋವಿ ಮಾತ್ರ ಅಲ್ಲ, ತೋಟಾ ಕೂಡ ಇಟ್ಟುಕೊಳ್ಳುವಂತಿಲ್ಲ, ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಇರುವುದು ಅದಕ್ಕೊಂದು ವಿನಾಯಿತಿ. ಲೈಸೆನ್ಸ್ ಮೊದಲು, ತೋಟಾ ಆಮೇಲೆ. ಗ್ರೀನ್ ಕಾರ್ಡ್‌ನವರಿಗೆ ಈ ತೊಂದರೆ ಇಲ್ಲ. ಗೊಂದಲ ಇದ್ದರೆ ವಕೀಲರಿಗೆ ಒಂದು ಫೋನ್ ಮಾಡಿ, ವೀಸಾ ಹೋದರೆ ಎಲ್ಕ್ ಬಂದು ಕೊಡಿಸುವುದಿಲ್ಲ. ಕೊಲೊರಾಡೋದಲ್ಲಿ 1949ರ ಜನವರಿ 1 ಮತ್ತು ಆಮೇಲೆ ಹುಟ್ಟಿದವರೆಲ್ಲ ಹಂಟರ್ ಎಜುಕೇಷನ್ ಕೋರ್ಸ್ ಮುಗಿಸಿರಬೇಕು. ರೈಫಲ್ ಸೀಸನ್ನಿನಲ್ಲಿ ಸೊಂಟದ ಮೇಲೆ 500 ಚದರ ಇಂಚು ಕಡು ಕಿತ್ತಳೆ ಅಥವಾ ಗುಲಾಬಿ ಬಣ್ಣ ಇರಬೇಕು, ತಲೆ ಮೇಲೂ.

ತಗೊಳ್ಳುವಾಗ ಎರಡು ಮೂರು ಪೆಟ್ಟಿಗೆ ಒಟ್ಟಿಗೇ ತಗೊಳ್ಳಿ, ಪೆಟ್ಟಿಗೆ ಮೇಲಿನ ಲಾಟ್ ನಂಬರ್ ಒಂದೇ ಇರಲಿ. ಲಾಟ್ ಬದಲಾದರೆ ಯಾವ ಕಂಪನಿಯ ತೋಟಾದಲ್ಲೂ ವೇಗ ಸ್ವಲ್ಪ ಆಚೀಚೆ ಆಗಬಹುದು, ಮತ್ತೆ ಸೊನ್ನೆ ನೋಡಿಕೊಳ್ಳಬೇಕು. ಅಭ್ಯಾಸಕ್ಕೆ ದಿನಾ ಇದನ್ನೇ ಸುಡುವುದು ದುಬಾರಿ. ಕೂತು, ಮೊಣಕಾಲೂರಿ ಮಾಡುವ ಅಭ್ಯಾಸಕ್ಕೆ .22 ಸಾಕು, ಕೊನೆಗೆ ಸೀಸನ್ನಿಗೆ ಮೊದಲು ಇದರಲ್ಲಿ ಒಂದು ಪೆಟ್ಟಿಗೆ ಮುಗಿಸಿ. ಜಿಂಕೆಗೆ 5ಕ್ಕೆ 5 ಕೊಡುತ್ತೇನೆ, ಎಲ್ಕ್‌ಗೆ 5ಕ್ಕೆ 3, ಬೆಲೆಗೆ ಅರ್ಧ ಮಾರ್ಕ್ಸ್ ಕಟ್.

ಕೊನೆಗೆ ಒಂದು ಕೆಲಸ. ಬೇಟೆಗೆ ಹಾಕುವ ಜಾಕೆಟ್, ಬ್ಯಾಗ್ ಇವುಗಳ ಒಂದೊಂದು ಜೇಬನ್ನೂ ಸೀಸನ್ ಮುಗಿದ ದಿನವೇ ಮಗುಚಿ ನೋಡಿ. ಅದೇ ಬ್ಯಾಗ್ ಹಾಕಿಕೊಂಡು ಬೆಂಗಳೂರಿಗೆ ಹೊರಟು, ಮೂಲೆಯಲ್ಲಿ ಮರೆತ ಒಂದೇ ಒಂದು ತೋಟಾ ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಕಂಡರೆ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಕೇಸ್ ಬೀಳುತ್ತದೆ. ಖಾಲಿ ಕೇಸಿಂಗ್ ಸಿಕ್ಕರೂ ರಗಳೆ ತಪ್ಪಿದ್ದಲ್ಲ, ಅದನ್ನೂ ಮನೆಯಲ್ಲೇ ಬಿಟ್ಟು ಬನ್ನಿ.